ಅವ್ವ ಆಡದ ಹಕಾರ

ಕೆರಗೋಡು
೧೧ ಫೆಬ್ರುವರಿ ೨೦೨೫

ನೆರೆದಿರುವ ಮಹಾಜನಗಳೇ, ಮುಂದೆ ಚಾಪೆ ಹಾಸಿ ಕುಳಿತ ತಾಯಂದಿರೇ, ಹಿಂದೆ ಟ್ರ್ಯಾಕ್ಟರಿನ ಮೇಲೆ ಕಾಲು ಇಳಿಬಿಟ್ಟ ಗಂಡುಗಲಿಗಳೇ, ಬೇಲಿ ಹಾರಿ ಬಂದ ಬಿಟ್ಟಿ ಪ್ರೇಕ್ಷಕರೇ, ಗದ್ದಲ ನಿಲ್ಲಲಿ. ಪರದೆ ಏಳುತ್ತಿದೆ.

ನಗಬೇಡ ಶ್ರೀಕರ. ಕಾಗದ ನಿನ್ನೊಬ್ಬನಿಗೇ. ಆದರೆ ನಿನ್ನೊಬ್ಬನಿಗೆ ಹೇಳಿದರೆ ನೀನು ಕನ್ನಡಕ ಒರೆಸಿಕೊಂಡು ‘ನೋಡೋಣ ಬಿಡು’ ಎಂದು ಎದ್ದು ಹೋಗುತ್ತೀಯ. ಅದಕ್ಕೇ ನಿನ್ನ ಸುತ್ತ ಒಂದು ಸಭೆ ಕೂರಿಸಿದ್ದೇನೆ. ಮಂಡ್ಯ, ಮದ್ದೂರು, ಮಳವಳ್ಳಿ ಮೂರು ತಾಲ್ಲೂಕಿನ ಜನ ನಿನ್ನ ಮುಖವನ್ನೇ ನೋಡುತ್ತಿದ್ದಾರೆ ಎಂದುಕೊಂಡು ಓದು.

ಗೆಳೆಯನಿಗೆ ಜಯಪ್ರಕಾಶನ ನಮಸ್ಕಾರ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಬರೆಯಲಾರೆ. ಮದ್ದೂರಿನಲ್ಲಿ ನಿನ್ನ ತಾಯಿ ತಿರುಮಲಮ್ಮನವರ ಮಂಡಿ ನೋವು ಈಗ ಹೇಗಿದೆ? ಅವರಿಗೆ ಇದನ್ನು ಓದಿ ಹೇಳಬೇಡ. ನನ್ನ ಕೋಪ ನಿನ್ನ ಮೇಲೆ, ಆ ತಾಯಿಯ ಮೇಲಲ್ಲ.

ತಡವಾಗಿದೆ, ಕ್ಷಮಿಸು. ನಮ್ಮ ಓದುಗರ ಬಳಗಕ್ಕೆ ವರ್ಷಕ್ಕೊಮ್ಮೆ ನೀನು ಮಾಡುವ ಪಟ್ಟಿಗೆ ನನ್ನ ಆಯ್ಕೆಯ ಪುಸ್ತಕ ಯಾವುದೆಂದು ನಾಲ್ಕು ಸಾಲು ಬರೆದು ಕಳಿಸಲು ಸಂಕ್ರಾಂತಿಗೆ ಮುಂಚೆಯೇ ನೀನು ಕೇಳಿದ್ದೆ. ಪೆನ್ನು ಹಿಡಿದಾಗಲೆಲ್ಲ ನಾಲ್ಕು ಸಾಲಿನ ಜಾಗದಲ್ಲಿ ಬೈಗುಳ ಬರುತ್ತಿತ್ತು. ಹರಿದು ಹಾಕುತ್ತಿದ್ದೆ. ಇವತ್ತು ಬೈಗುಳವನ್ನೇ ಕಳಿಸುತ್ತಿದ್ದೇನೆ. ನಾಲ್ಕು ಸಾಲು ಇದರೊಳಗೇ ಎಲ್ಲೋ ಇರುತ್ತವೆ, ಆರಿಸಿಕೊ.

ನಿನ್ನ ಪಟ್ಟಿಯ ಮೇಲೆ ನನಗೆ ಎಷ್ಟು ಅಭಿಮಾನವಿತ್ತು ಎಂದು ನಿನಗೆ ಗೊತ್ತು. ಕಥೆ ಕಾದಂಬರಿ ಬೇಡ, ನಡೆದದ್ದನ್ನು ಓದಿ, ನಡೆಯುತ್ತಿರುವುದನ್ನು ಓದಿ ಎಂದು ನೀನು ಹಟ ಹಿಡಿದಾಗ ಮೊದಲು ಕೈ ಎತ್ತಿದವನು ನಾನು. ಬಣ್ಣ ಹಚ್ಚಿಕೊಂಡು ಸುಳ್ಳು ಗಡ್ಡ ಅಂಟಿಸಿಕೊಂಡು ಬದುಕಿದವನಿಗೆ ನಿಜದ ಹಸಿವು ಜಾಸ್ತಿ ಕಣಯ್ಯ. ಈ ವರ್ಷದ ಪುಸ್ತಕಗಳನ್ನೂ ಬಿಡದೆ ಓದಿದ್ದೇನೆ. ನಾಲೆ ತೋಡಿದ ಕೂಲಿಗಳ ಚರಿತ್ರೆ ಓದಿ ಎರಡು ದಿನ ನಾಲೆಯ ಕಡೆ ವಾಕಿಂಗ್ ಹೋಗಲಾಗಲಿಲ್ಲ, ಹೆಣಗಳ ಮೇಲೆ ನಡೆದಂತಾಗುತ್ತಿತ್ತು. ಚುನಾವಣೆಯಲ್ಲಿ ಮೊಬೈಲ್ ಸುಳ್ಳುಗಳು ಹೇಗೆ ಹುಟ್ಟುತ್ತವೆ ಎಂಬ ಪುಸ್ತಕವನ್ನು ನಮ್ಮೂರ ಅರಳಿಕಟ್ಟೆಯ ಮೇಲೆ ಗಟ್ಟಿಯಾಗಿ ಓದಿದೆ. ಅರ್ಧ ಜನ ಎದ್ದು ಹೋದರು. ಎದ್ದು ಹೋದವರ ಮನೆಗೂ ಕೇಳಿಸುವ ಹಾಗೆ ಓದಿದೆ. ದೂರದ ಯುದ್ಧದ ಪುಸ್ತಕವೊಂದು ಮಾತ್ರ ಸಪ್ಪೆ. ಬರೆದವನು ಯುದ್ಧವನ್ನು ಟಿ.ವಿ.ಯಲ್ಲಿ ನೋಡಿ ಬರೆದಿದ್ದಾನೆ, ಅದನ್ನು ಪಟ್ಟಿಯಿಂದ ತೆಗೆ.

ಇನ್ನು ನಿನ್ನ ಪಟ್ಟಿಯ ನೆತ್ತಿಯ ಮೇಲೆ ಕೂತಿರುವ ಪುಸ್ತಕ. ‘ನೀರು ನಿಂತ ವರ್ಷ’.

ಹರಿಪ್ರಿಯಾ ಎಂಬ ಆ ಧಾರವಾಡದ ಕಡೆಯ ಹುಡುಗಿ ನಮ್ಮೂರಿಗೆ ಬಂದಾಗ ನೀನೇ ಕರೆದುಕೊಂಡು ಬಂದಿದ್ದೆ. ನಾಲೆಗೆ ನೀರು ನಿಂತು ಸೀಮೆಯೆಲ್ಲ ಹೊತ್ತಿ ಉರಿದ ಆ ವರ್ಷದಲ್ಲಿ ಊರೂರಲ್ಲಿ ಏನೇನಾಯಿತೆಂದು ಬದುಕಿರುವವರ ಬಾಯಿಂದಲೇ ಕೇಳಿ ಬರೆಯುತ್ತಾಳೆ ಎಂದೆ. ಅವ್ವ ಅವಳಿಗೆ ಅವರೆಕಾಳು ಸಾರು ಬಡಿಸಿ, ಅಪ್ಪನ ಕಥೆ ಹೇಳಿದಳು. ಈ ಮೂವತ್ತು ಚಿಲ್ಲರೆ ವರ್ಷದಲ್ಲಿ ಹೊರಗಿನವರಿಗೆ ಅವಳು ಅದನ್ನು ಹೇಳಿದ್ದು ಅದೇ ಮೊದಲು. ಮನೆಯಲ್ಲಿ ನಮಗೂ ಎರಡೋ ಮೂರೋ ಸಲ ಹೇಳಿರಬೇಕು, ಅಷ್ಟೆ.

ಸಭಿಕರಿಗೆ ಗೊತ್ತಿಲ್ಲ, ಹೇಳುತ್ತೇನೆ. ನಮ್ಮ ಗದ್ದೆಯ ಅಂಚಿನಲ್ಲಿ, ನಾಲೆಯ ಏರಿಯ ಕೆಳಗೆ, ಆಚೆ ಸೀಮೆಯಿಂದ ಕಬ್ಬು ಕಡಿಯಲು ಬಂದವರ ಗುಡಿಸಲುಗಳಿದ್ದವು. ನೀರಿನ ಗಲಾಟೆ ಎದ್ದಾಗ ಅವರು ಆಚೆ ಸೀಮೆಯವರು ಎಂಬುದೇ ಅಪರಾಧವಾಯಿತು. ಒಂದು ಸಂಜೆ ಊರಿನ ಗುಂಪು ಪಂಜು ಹಿಡಿದು ಹೊರಟಿತು. ಎರಡು ಗುಡಿಸಲು ಉರಿದವು. ಉಳಿದವು ಉರಿಯಲಿಲ್ಲ, ಏಕೆಂದರೆ ಅವುಗಳ ಮುಂದೆ ನಮ್ಮಪ್ಪ ಜವರಯ್ಯ ಹೋಗಿ ನಿಂತ. ಬರಿಗೈಯಲ್ಲಿ ನಿಂತ. ಅಂಗಿ ಹರಿಯಿತು, ಭುಜದ ಮೂಳೆ ಮುರಿಯಿತು, ಗುಂಪು ವಾಪಸು ಹೋಯಿತು. ಬೆಳಗಾಗುವುದರೊಳಗೆ ಆ ಕೂಲಿಯವರು ಮಕ್ಕಳು ಮರಿ ಕಟ್ಟಿಕೊಂಡು ಹೊರಟರು. ಎಲ್ಲಿಗೆ ಹೋದರೋ, ಯಾರಿಗೂ ತಿಳಿಯದು. ಅಂದು ನಾನು ಊರಲ್ಲಿರಲಿಲ್ಲ, ನಮ್ಮ ನಾಟಕ ಕಂಪನಿ ಮಳವಳ್ಳಿಯಲ್ಲಿ ಕ್ಯಾಂಪು ಹಾಕಿತ್ತು. ಕಣ್ಣಾರೆ ಕಂಡವಳು ಅವ್ವ ಮಲ್ಲಿಗಮ್ಮ.

ಅವಳು ಹೇಳಿದ್ದನ್ನು ಹರಿಪ್ರಿಯಾ ಮೊಬೈಲಿನಲ್ಲಿ ಹಿಡಿದುಕೊಂಡಳು. ನಮ್ಮ ಕಡೆಯ ಮಾತು ಅವಳಿಗೆ ಪೂರ್ತಿ ಹತ್ತಲಿಲ್ಲವೆಂದು, ಅದನ್ನು ಕೇಳಿ ಬರೆದುಕೊಡುವ ಕೆಲಸವನ್ನು ನೀನು ವಹಿಸಿಕೊಂಡೆ. ಕನ್ನಡ ಮೇಷ್ಟ್ರು, ನಿವೃತ್ತ, ಇದೇ ಊರಿನ ಶಾಲೆಯಲ್ಲಿ ಯೋಗಾನರಸಿಂಹ ಮೇಷ್ಟ್ರ ಮಗನಾಗಿ ಬೆಳೆದವನು. ನಿನಗಿಂತ ತಕ್ಕವನು ಯಾರು ಎಂದು ನಾನೂ ಹಿಗ್ಗಿದೆ. ಹಿಗ್ಗಿದವನ ಕೆನ್ನೆಗೆ ಬಿತ್ತು ನೋಡು.

ಈಗ ಪುಸ್ತಕ ಬಿಡುಗಡೆಯಾದ ಮಳವಳ್ಳಿಯ ಆ ಭಾನುವಾರಕ್ಕೆ ಬಾ.

ಗ್ರಂಥಾಲಯದ ಮೇಲಿನ ಹಾಲು ತುಂಬಿತ್ತು. ವೇದಿಕೆಯ ಮೇಲೆ ನೀನು ಅಧ್ಯಕ್ಷ, ನಿನ್ನ ಪಕ್ಕ ಹರಿಪ್ರಿಯಾ. ಮುಂದಿನ ಕುರ್ಚಿಯಲ್ಲಿ ಅವ್ವ. ಅವಳಿಗೆ ಶಾಲು ಹೊದಿಸುವ ಕಾರ್ಯಕ್ರಮ, ಹಾಗಾಗಿ ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ನೀನು ಪುಸ್ತಕದ ಪೊಟ್ಟಣ ಬಿಚ್ಚಿ ಮೊದಲ ಪ್ರತಿ ನನ್ನ ಕೈಗೆ ಕೊಟ್ಟು, ನಿಮ್ಮ ಮನೆಯ ಪುಟವನ್ನು ನೀನೇ ಓದಬೇಕು, ಈ ಹಾಲಿಗೆ ಮೈಕು ಬೇಡ, ಜಯಪ್ರಕಾಶ ಸಾಕು ಎಂದೆ. ಜನ ಚಪ್ಪಾಳೆ ತಟ್ಟಿದರು. ನನಗೆ ಅಷ್ಟು ಸಾಕಲ್ಲ? ಎದೆಯುಬ್ಬಿಸಿ ನಿಂತೆ. ಕಂಠ ತೆರೆದೆ. ಮಳವಳ್ಳಿಯ ಪೇಟೆ ಬೀದಿಗೂ ಕೇಳಿಸುವ ಹಾಗೆ ಓದಿದೆ:

“ನಮ್ಮ ಯಜಮಾನರು ಗುಡಿಸಲುಗಳ ಮುಂದಕ್ಕೆ ಹೋದರು. ಎಲ್ಲರನ್ನೂ ಹೆದರಿಸಿಬಿಟ್ಟರು.”

ನಾಲಗೆ ಓಡುವಾಗ ಕಿವಿ ಹಿಂದೆ ಬೀಳುತ್ತದೆ, ಅದು ನಟರ ಪಾಡು. ಅದೇ ಓಟದಲ್ಲಿ ಮುಂದಿನ ಸಾಲನ್ನೂ ಓದಿದೆ. ಅದು ಹರಿಪ್ರಿಯಾಳ ಟಿಪ್ಪಣಿ. ಕೂಲಿಯವರನ್ನು ಬೆದರಿಸಿ ಓಡಿಸಿದವರಲ್ಲಿ ಜವರಯ್ಯನಂಥ ಜಮೀನುಳ್ಳವರೂ ಇದ್ದರೆಂಬುದನ್ನು ಆ ಮನೆಯ ಹೆಂಗಸಿನ ಮಾತೇ ಒಪ್ಪಿಕೊಳ್ಳುತ್ತದೆ.

ಅಲ್ಲಿ ನಿಂತೆ. ಇಷ್ಟು ವರ್ಷದ ರಂಗದ ಬಾಳಿನಲ್ಲಿ ಮಾತಿನ ನಡುವೆ ನಾನು ನಿಂತವನಲ್ಲ, ದೀಪ ಹೋದಾಗಲೂ ನಿಂತವನಲ್ಲ. ಅಂದು ನಿಂತೆ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹಿಂದಿನ ಸಾಲಿನಿಂದ ಬಂಡೂರಿನ ಮರಿಸಿದ್ದಯ್ಯ ಎದ್ದು ನಿಂತ. ಅವನು ಕುಹಕಕ್ಕೆ ಕೇಳಲಿಲ್ಲ, ನಿಜವಾಗಿಯೂ ತಿಳಿಯಬೇಕಾಗಿತ್ತು ಅವನಿಗೆ.

“ಅಂಗಾರೆ ಜಯಪ್ಪಣ್ಣ, ನಿಮ್ಮಪ್ಪಾರೂ ಆ ಬಡವ್ರ್ನ ಓಡ್ಸಾಕೆ ಓಗಿದ್ದೋರೇಯಾ?”

ನಾನು ನಿನ್ನ ಕಡೆ ತಿರುಗಿದೆ. ನೀನು ಏನಂದೆ, ನೆನಪಿದೆಯಾ? ಮೆಲ್ಲಗೆ, ಸೈಡ್‌ವಿಂಗಿನಿಂದ ಮಾತು ಎತ್ತಿಕೊಡುವ ಹಾಗೆ, ‘ಮುಂದೆ ಓದು’ ಎಂದೆ. ಆಮೇಲೆ ಅವ್ವನಿಗೆ ಶಾಲು ಹೊದಿಸಿದೆ. ಹಣ್ಣಿನ ಬುಟ್ಟಿ ಕೊಟ್ಟೆ. ಅವಳು ತೆಗೆದುಕೊಂಡಳು. ದೊಡ್ಡವರು ಕೊಟ್ಟದ್ದನ್ನು ಬೇಡವೆನ್ನುವುದು ಅವಳಿಗೆ ಗೊತ್ತಿಲ್ಲ.

ವಾಪಸು ಬರುವ ಬಸ್ಸು ಮದ್ದೂರು ದಾಟಿತು. ಅವ್ವ ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು: “ನಾನಂಗಂದ್ನೇನ್ಲಾ?”

ಸಭಿಕರೇ, ಇಲ್ಲಿ ಒಂದು ಗಳಿಗೆ ನಿಲ್ಲಿ. ನಮ್ಮ ಸೀಮೆಯ ನಾಲಗೆಗೆ ಹಕಾರ ಹತ್ತುವುದಿಲ್ಲ. ಹಾಲು ಆಲು, ಹೂವು ಊವು, ಹೋದರು ಅನ್ನುವುದು ಓದ್ರು. ಎಳೆಯ ವಯಸ್ಸಿನಲ್ಲಿ ‘ಹೂವಿನ ಹಾರ ಹಿಡಿದು ಹೊರಡು’ ಎಂಬ ಒಂದು ಸಾಲಿಗೆ ನಾನು ‘ಊವಿನ ಆರ ಇಡುದು ಒಂಟೋಗು’ ಎಂದು ಅಬ್ಬರಿಸಿ, ಊರೇ ಬಿದ್ದು ಬಿದ್ದು ನಕ್ಕದ್ದು ಶ್ರೀಕರನಿಗೆ ಮರೆತಿರಲಾರದು. ಈ ಶ್ರೀಕರನೇ ನನ್ನನ್ನು ಶಾಲೆಯ ಹಿಂದಕ್ಕೆ ಕರೆದುಕೊಂಡು ಹೋಗಿ, ಕನ್ನಡಿಯ ಮೇಲೆ ಉಸಿರು ಬಿಡಿಸಿ, ಹಬೆ ಕೂತರೆ ಹಕಾರ ಬಂತು ಎಂದು ಕಲಿಸಿದ. ಆ ಋಣ ನನಗಿದೆ. ಇರಲಿ.

ಈ ನಾಲಗೆಯಲ್ಲಿ ‘ಹೆದರಿಸಿದರು’ ಅಂದರೂ ಎದ್ರಿಸಿದ್ರು. ‘ಎದುರಿಸಿದರು’ ಅಂದರೂ ಎದ್ರಿಸಿದ್ರು. ಅವ್ವ ಆಡಿದ್ದು ಎರಡನೆಯದು. ನೀನು ಬರೆದದ್ದು ಮೊದಲನೆಯದು. ಗುಂಪನ್ನು ಎದುರಿಸಿ ನಿಂತವನು ನಿನ್ನ ಒಂದು ಹಕಾರದಿಂದ ಬಡವರನ್ನು ಹೆದರಿಸಿದವನಾದ. ಪಂಜಿನ ಮುಂದೆ ನಿಂತಿದ್ದ ನಮ್ಮಪ್ಪನ ಕೈಗೆ ನೀನು ಪಂಜು ಕೊಟ್ಟೆ ಕಣಯ್ಯ.

ಮಾರನೆಯ ದಿನವೇ ಹರಿಪ್ರಿಯಾಳಿಗೆ ಫೋನು ಮಾಡಿದೆ. ಬೈಯಬೇಕೆಂದೇ ಮಾಡಿದ್ದು. ಆ ಹುಡುಗಿ ವಾದಕ್ಕೆ ನಿಲ್ಲಲಿಲ್ಲ. “ಸರ್, ನನಗ ನಿಮ್ಮ ಕಡಿ ಮಾತು ಪೂರಾ ತಿಳೀಲಿಲ್ರಿ. ಶ್ರೀಕರ ಸರ್ ಬರದು ಕೊಟ್ಟಿದ್ದನ್ನ ನಂಬಿದೆ. ತಪ್ಪಾಗಿದ್ರ ಪ್ರತಿಯೊಂದು ಪುಸ್ತಕದಾಗೂ ತಪ್ಪು ಒಪ್ಪು ಚೀಟಿ ಅಂಟಸ್ತೀನ್ರಿ, ಆದ್ರ ಸರ್ ಹೂಂ ಅನಬೇಕು,” ಎಂದಳು. ಅವ್ವನ ದನಿಯಿದ್ದ ರೆಕಾರ್ಡಿಂಗನ್ನೂ ಕಳಿಸಿಕೊಟ್ಟಳು. ಬಾಗಿಲು ಹಾಕಿಕೊಂಡು ಕೇಳಿದೆ. ಅವ್ವ ಹೀಗೆ ಹೇಳಿದ್ದಾಳೆ:

“ಗುಡ್ಲು ಮುಂದ್ಕೆ ಓದ್ರು ಕಣವ್ವ. ಎಲ್ಲಾರ್ನೂವೆ ಎದ್ರಿಸ್ಬುಟ್ರು. ಬೆನ್ನು ಗುಡ್ಲು ಕಡಿಕೆ, ಮಕ ನಮ್ಮೂರೋರ ಕಡಿಕೆ.”

ಕೊನೆಯ ಮಾತನ್ನು ಇನ್ನೊಂದು ಸಲ ಓದು. ಬೆನ್ನು ಗುಡಿಸಲ ಕಡೆಗೆ, ಮುಖ ನಮ್ಮೂರವರ ಕಡೆಗೆ. ಇದಕ್ಕಿಂತ ನಿಚ್ಚಳವಾಗಿ ಯಾವ ಸಾಕ್ಷಿ ಹೇಳಬಲ್ಲದು? ಆ ಮಾತು ಪುಸ್ತಕದಲ್ಲಿ ಎಲ್ಲಿದೆ? ಇಲ್ಲ. ಹುಡುಕಿದೆ, ಆಚೆ ಪುಟ, ಈಚೆ ಪುಟ, ಅಡಿಟಿಪ್ಪಣಿ. ಇಲ್ಲ.

ಅದನ್ನೇ ನಿನಗೆ ಫೋನು ಮಾಡಿ ಕೇಳಿದೆ. ನಿಮ್ಮವ್ವ ಒಂದೇ ಸಂಗತಿಯನ್ನು ತಿರುಗಿಸಿ ತಿರುಗಿಸಿ ಹೇಳಿದ್ದರು, ಪುನರಾವರ್ತನೆ ಎಂದು ಕೆಲವು ಸಾಲು ಬಿಟ್ಟೆ ಎಂದೆ ನೀನು. ನಾನು ಬಾಯಿಗೆ ಬಂದ ಹಾಗೆ ಬೈದೆ. ನೀನು ಕೇಳಿಸಿಕೊಂಡೆ. ನೀನು ಯಾವತ್ತೂ ಕೇಳಿಸಿಕೊಳ್ಳುತ್ತೀಯ, ಅದೇ ನಿನ್ನ ಕೆಟ್ಟತನ. ಆಮೇಲೆ ತಣ್ಣಗೆ ನಿನ್ನ ವಾದ ಇಟ್ಟೆ. ‘ಎದುರಿಸು’ ಎಂಬುದು ಗ್ರಂಥದ ಮಾತು, ಅಕ್ಷರ ಕಲಿಯದ ಹಳ್ಳಿಯ ಹೆಂಗಸಿನ ಬಾಯಲ್ಲಿ ಅದು ಬರುವುದಿಲ್ಲ, ಹಾಗಾಗಿ ಅದು ‘ಹೆದರಿಸು’ ಎಂದೇ ಆಗಬೇಕು ಎಂದೆ. ಮಗನ ಮಾತನ್ನು ಚರಿತ್ರೆ ಸಾಕ್ಷಿಯಾಗಿ ತೆಗೆದುಕೊಳ್ಳುವುದಿಲ್ಲ, ಅದೂ ಅಂದು ಊರಿನಲ್ಲೇ ಇಲ್ಲದಿದ್ದ ಮಗ ಎಂದೆ. ಕೊನೆಗೆ ಇನ್ನೊಂದು ಮಾತಾಡಿದೆ, ಅದು ನನ್ನ ಎದೆಯಲ್ಲಿ ನಾಟಿ ನಿಂತಿದೆ.

“ಜಯಪ್ರಕಾಶ, ನಾನು ಇಷ್ಟು ಮನೆಗಳ ಮಾತು ಕೇಳಿ ಬರೆದಿದ್ದೀನಿ. ಎಲ್ಲರ ಮನೇಲೂ ಅಪ್ಪಂದಿರು ಕಾಪಾಡಿದವರೇ. ಹಾಗಾದ್ರೆ ಬೆಂಕಿ ಇಟ್ಟವರು ಯಾರಪ್ಪ?”

ಒಳ್ಳೆಯ ಪ್ರಶ್ನೆ. ಕೋಪದಲ್ಲೂ ಒಪ್ಪುತ್ತೇನೆ, ಒಳ್ಳೆಯ ಪ್ರಶ್ನೆ. ಆ ಪ್ರಶ್ನೆಯನ್ನು ಬಿಡದೆ ಕೇಳುತ್ತದೆ ಎಂಬುದಕ್ಕೇ ಈ ಪುಸ್ತಕ ಒಳ್ಳೆಯದು. ನಮ್ಮ ಊರುಗಳು ನುಂಗಿಕೊಂಡು ಕೂತಿರುವುದನ್ನು ಆ ಹುಡುಗಿ ಹೊರಗೆ ಎಳೆದಿದ್ದಾಳೆ. ಯಲಿಯೂರಿನ ರೈಲು ನಿಲ್ದಾಣದಲ್ಲಿ ಕೂಲಿಯವರು ಗಂಟುಮೂಟೆ ಹೊತ್ತು ರೈಲಿಗೆ ಕಾದ ಪುಟಗಳನ್ನು ಓದಿ ನಾನು ಅತ್ತಿದ್ದೇನೆ. ಕೆಟ್ಟ ಪುಸ್ತಕದಲ್ಲಿ ಸುಳ್ಳಿದ್ದರೆ ಯಾರಿಗೆ ಏನು? ಒಲೆಗೆ ಹಾಕಿ ಮೈ ಕಾಯಿಸಿಕೊಳ್ಳಬಹುದು. ಇಂಥ ನಿಜದ ಪುಸ್ತಕದ ನಡುವೆ ಒಂದು ಸುಳ್ಳು ಕೂತರೆ ಅದೂ ನಿಜದ ವೇಷ ಹಾಕಿಕೊಂಡು ಕೂರುತ್ತದೆ, ಆಮೇಲೆ ಅದರ ಬಣ್ಣ ತೊಳೆಯುವವರು ಯಾರು?

ನಿನ್ನ ವಾದಕ್ಕೆ ಉತ್ತರ ಈಗ ಕೊಡುತ್ತೇನೆ, ಸಭಿಕರೂ ಕೇಳಲಿ.

ಅವ್ವನಿಗೆ ಅಕ್ಷರ ಬಾರದು, ನಿಜ. ಆದರೆ ಅವಳು ಬಾಳಿದ ಮನೆ ಯಾವುದು? ಸುಗ್ಗಿ ಮುಗಿದರೆ ನಮ್ಮ ಪಡಸಾಲೆಯಲ್ಲೇ ನಾಟಕದ ತಾಲೀಮು. ಹಾರ್ಮೋನಿಯಂ ಮೇಷ್ಟ್ರಿಗೆ ಅಲ್ಲೇ ಊಟ, ಅಲ್ಲೇ ನಿದ್ದೆ. ಅಪ್ಪ ಗದೆ ಹಿಡಿಯುವ ಪಾತ್ರ ಮಾಡುತ್ತಿದ್ದ. ಅವನು ಮೀಸೆ ತಿರುವಿ ‘ಎದುರಿಸು ಬಾ, ಎದುರಿಸುವ ಎದೆಯಿದ್ದರೆ ಬಾ’ ಎಂದು ಗರ್ಜಿಸುವಾಗ ಒಳಗೆ ಅವಳು ರಾಗಿ ಬೀಸುತ್ತಿದ್ದಳು. ಆ ಮಾತು ಅವಳ ಕಿವಿಯಲ್ಲಿ ಹಿಟ್ಟಿನ ಜೊತೆ ಇಳಿದಿದೆ. ‘ಪಾಪಾತ್ಮ’ ಎಂದು ಬೆಕ್ಕಿಗೆ ಬೈಯುವ ಹೆಂಗಸು ಅವಳು. ‘ಎಲೌ ಮೂಢಮತಿ’ ಎಂದು ಕರುವಿಗೆ ಹೇಳುತ್ತಾಳೆ. ಗ್ರಂಥದ ಮಾತು ಹಳ್ಳಿಯ ಹೆಂಗಸಿಗೆ ಬರುವುದಿಲ್ಲವೆಂದು ಯಾವ ಪುಸ್ತಕದಲ್ಲಿ ಓದಿದೆ ನೀನು? ನಾಲ್ಕು ಹಗ್ಗ ಕಟ್ಟಿ ಪರದೆ ಎಳೆದು ಈ ಸೀಮೆಯ ಹಳ್ಳಿ ಹಳ್ಳಿಗೂ ಗ್ರಂಥದ ಮಾತನ್ನು ನಾವು ಹೊತ್ತು ಹಾಕಿದ್ದೇವೆ ಕಣಯ್ಯ. ನೀನೂ ಹೊತ್ತಿದ್ದೀಯ.

ಎರಡನೆಯದು. ಇದಕ್ಕೆ ಉತ್ತರ ಕೊಡಬೇಕಾದವನು ನೀನು. ಗಲಾಟೆಯ ಮಾರನೆಯ ವರ್ಷದ ನಾಟಕ ನೆನಪಿಸಿಕೊ. ನಮ್ಮ ಊರಲ್ಲಿ ಪಾತ್ರಕ್ಕೆ ನಟರೇ ದುಡ್ಡು ಕಟ್ಟುತ್ತಾರೆ. ಅಪ್ಪ ಮುರಿದ ಭುಜ ಕೂಡಿಸಿಕೊಂಡು ದುಡ್ಡು ಕಟ್ಟಲು ಹೋದ. ತೆಗೆದುಕೊಳ್ಳಲಿಲ್ಲ. ಇಡೀ ಊರಿನಲ್ಲಿ ಅವನಿಗೆ ಒಂದು ಬಾಗಿಲು ಕಾಯುವ ಪಾತ್ರವನ್ನೂ ಕೊಡಲಿಲ್ಲ. ಗದೆ ಹಿಡಿದವನು ಮಾದಯ್ಯ, ಆ ಸಂಜೆ ಪಂಜು ಹಿಡಿದಿದ್ದ ಅದೇ ಮಾದಯ್ಯ. ಅಪ್ಪ ನಾಟಕ ನೋಡಲು ಹೋಗದೆ ಅಂಗಳದಲ್ಲಿ ಕಂಬಳಿ ಹೊದ್ದು ಮಲಗಿ, ಮೈಕಿನಲ್ಲಿ ಬರುತ್ತಿದ್ದ ತನ್ನ ಮಾತುಗಳನ್ನು ಮಾದಯ್ಯನ ದನಿಯಲ್ಲಿ ಕೇಳಿದ. ಸಾಯುವವರೆಗೂ ಮತ್ತೆ ಬಣ್ಣ ಹಚ್ಚಲಿಲ್ಲ. ಗುಂಪಿನ ಜೊತೆ ಹೋಗಿದ್ದವನಿಗೆ ಊರು ಆ ಶಿಕ್ಷೆ ಕೊಡುತ್ತದೆಯೇ? ಹರಿಪ್ರಿಯಾಳ ಚೀಟಿಗೆ ಹೂಂ ಅನ್ನು ಶ್ರೀಕರ, ಆ ಚೀಟಿ ಅಂಟಿದ ‘ನೀರು ನಿಂತ ವರ್ಷ’ವೇ ನಿನ್ನ ಪಟ್ಟಿಗೆ ನನ್ನ ಆಯ್ಕೆ.